ಪುಟ್ಟ ಗ್ರಹದ ಟೀಚರ್

ಕಳೆದ ತಿಂಗಳು ಪೊನ್ನಂಪೇಟೆಯಿಂದ ಟೀಚರ ತಂಗಿ ಒಂದು ಕಾರ್ಡು ಬರೆದಿದ್ದರು. "ಅಕ್ಕ ಹೋದರು. ಎಂಬತ್ತೆರಡು ಆಗಿತ್ತು. ಬೆಳಿಗ್ಗೆ ಕಾಪಿ ಕುಡಿದು, ಲೋಟ ತೊಳೆದಿಟ್ಟು, ಸ್ವಲ್ಪ ಒರಗುತ್ತೇನೆ ಅಂತ ಮಲಗಿದವರು ಏಳಲಿಲ್ಲ." ಲೋಟ ತೊಳೆದಿಟ್ಟ ಸುದ್ದಿ ಓದಿ ನನಗೆ ಅಳುವಿನ ನಡುವೆಯೇ ನಗು ಬಂತು. ಎಂಜಲು ಲೋಟ ಬಿಟ್ಟು ಹೋಗುವ ಹೆಂಗಸೇ ಅಲ್ಲ ಅವರು.

ವಿರಾಜಪೇಟೆಯ ಹಳಬರಿಗೆ ಅವರು 'ಗ್ರಹ ಕಂಡುಹಿಡಿದ ಟೀಚರ್'. ಆ ಮಾತು ಕಿವಿಗೆ ಬಿದ್ದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. "ಕಂಡುಹಿಡಿದವ ಬೇರೆ. ಅದು ತಪ್ಪಿಸಿಕೊಂಡು ಹೋಗದ ಹಾಗೆ ನೋಡಿಕೊಂಡದ್ದು ಮಾತ್ರ ನಾನು. ಕರು ಹಾಕಿದ್ದು ಹಸು, ಕಟ್ಟಿ ಹಾಕಿದವರಿಗೆ ಬಾಣಂತಿ ಅಂತ ಹೇಳ್ತಾರಾ?" ಎನ್ನುತ್ತಿದ್ದರು. ಒಮ್ಮೆ ಹೆಡ್ಮಾಸ್ಟರರ ಎದುರೇ ಹಾಗೆಂದುಬಿಟ್ಟಾಗ, ಹೆಡ್ಮಾಸ್ಟರರು ಕೆಮ್ಮುತ್ತಾ ಹೊರಗೆ ಹೋಗುವಂತಾಗಿತ್ತು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯೇ ರಾಜಧಾನಿ. ಮಂತ್ರಿಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತಿದ್ದ ಕಾಲ. ನಾನು ಕಕ್ಕಬೆಯಿಂದಾಚೆಯ ಹಳ್ಳಿಯವಳು, ಮನೆಮಾತು ಅರೆಭಾಷೆ. ಇಪ್ಪತ್ತಮೂರನೆಯ ವಯಸ್ಸಿಗೆ ವಿರಾಜಪೇಟೆಯ ಹುಡುಗಿಯರ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದೆ. ಒಂಟಿ ಹುಡುಗಿಯನ್ನು ಎಲ್ಲಿ ಇರಿಸುವುದೆಂದು ಹೆಡ್ಮಾಸ್ಟರರಿಗೆ ಚಿಂತೆ. "ಗಣಿತದ ಟೀಚರ ಮನೆಯಲ್ಲಿ ಒಂದು ಕೋಣೆ ಉಂಟು. ಆದರೆ ಅವರ ಜೊತೆ ಇರಲಿಕ್ಕೆ ಸ್ವಲ್ಪ ತಾಳ್ಮೆ ಬೇಕಾಗ್ತದೆ" ಎಂದು ಕಳಿಸಿದರು.

ಕಾಫಿ ವ್ಯಾಪಾರಿಯೊಬ್ಬರ ಕಣದ ಹಿಂದೆ ಆ ಬಾಡಿಗೆ ಮನೆ. ಬಾಗಿಲು ತೆರೆದವರು ಎತ್ತರದ, ಒಣಕಲು ಮೈಯ, ಮೂವತ್ತೈದು ದಾಟಿದ ಹೆಂಗಸು. ಕೊಡವರ ಪದ್ಧತಿಯಂತೆ ಸೀರೆಯ ನೆರಿಗೆ ಬೆನ್ನ ಹಿಂದೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ.

"ಗೊರಕೆ ಹೊಡೀತೀಯಾ?"

"ಇಲ್ಲ."

"ಅಂಕಿಗಳನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದ್ತೀಯಾ?"

"ಓದ್ತೇನೆ" ಅಂದೆ, ಯಾಕೆಂದು ತಿಳಿಯದೆ.

"ಹಾಗಾದ್ರೆ ಬಾ, ಒಳಗೆ ಬಾ. ಕಾಪಿಗೆ ಬೆಲ್ಲ ಹಾಕಿದರೆ ಆಗ್ತದಲ್ಲ?"

ಅವತ್ತಿನಿಂದ ಶಾಲೆಯಲ್ಲಿ ಅವರು ನನಗೆ ಟೀಚರ್, ಮನೆಯಲ್ಲಿ ಅಕ್ಕ.

ಅವರು ಪಾಠ ಮಾಡುತ್ತಿದ್ದುದು ಕನ್ನಡದಲ್ಲಿ, ಕಾಗದ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಕೂಡುವುದು ಕಳೆಯುವುದು ಮಾತ್ರ ತಮ್ಮ ಮನೆಮಾತಾದ ಕೊಡವ ತಕ್ಕ್‌ನಲ್ಲಿ. ಹಲಗೆಯ ಮುಂದೆ ನಿಂತು "ಒಂದ್, ದಂಡ್, ಮೂಂದ್" ಎಂದು ತುಟಿಯೊಳಗೇ ಗೊಣಗುವಾಗ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಲೆಕ್ಕ ತಪ್ಪಿದರೆ ಅಡ್ಡಗೀಟು ಹಾಕಿ ಎಸೆಯುವ ಅಭ್ಯಾಸ ಅವರಿಗಿರಲಿಲ್ಲ. ತಪ್ಪು ಶುರುವಾದ ಸಾಲನ್ನು ಹುಡುಕಿ ಅದರ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, "ಇಲ್ಲಿವರೆಗೆ ಸರಿಯಾಗಿಯೇ ಬಂದಿದ್ದೆ, ಇಲ್ಲಿ ಯಾರು ಕರೆದರು ನಿನ್ನನ್ನು?" ಎಂದು ಕೇಳುತ್ತಿದ್ದರು. ಹುಡುಗಿಯರು ನಿಜ ಹೇಳಿಬಿಡುತ್ತಿದ್ದರು. ತಮ್ಮ ಅತ್ತದ್ದು, ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು, ಸೋದರಮಾವ ಬಂದದ್ದು. ಇಡೀ ವಿರಾಜಪೇಟೆಯ ಮನೆಸುದ್ದಿ ಅವರಿಗೆ ಗಣಿತದ ನೋಟ್‌ಬುಕ್ಕಿನಿಂದಲೇ ತಿಳಿಯುತ್ತಿತ್ತು.

ಟೀಚರಾಗುವ ಮೊದಲು ಅವರು ಕೆಲವು ವರ್ಷ ದೂರದ ಒಂದು ವೀಕ್ಷಣಾಲಯದಲ್ಲಿ ಕಂಪ್ಯೂಟರ್ ಆಗಿದ್ದರು. ಗಾಬರಿ ಬೇಡ, ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಮೇಜಿನ ಮುಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಹಾಕುವ ಮನುಷ್ಯರ ಹೆಸರು. ತಂದೆಗೆ ಕಾಯಿಲೆಯಾಗಿ ಊರಿಗೆ ಮರಳಿದವರು ತಂದೆ ತೀರಿಕೊಂಡ ಮೇಲೂ ಹಿಂದೆ ಹೋಗಲಿಲ್ಲ. ವೀಕ್ಷಣಾಲಯಕ್ಕೆ ಒಮ್ಮೆ ಬಂದಿದ್ದ ಯುರೋಪಿನ ಒಬ್ಬ ವಯಸ್ಸಾದ ಖಗೋಳಜ್ಞ ಮಾತ್ರ ಅವರಿಗೆ ವರ್ಷಕ್ಕೆರಡು ಕಾಗದ ಬರೆಯುತ್ತಿದ್ದ. ಅಕ್ಕ ಅವನನ್ನು 'ನಮ್ಮ ಮುದುಕ' ಎನ್ನುತ್ತಿದ್ದರು.

ನಾನು ಬಂದ ವರ್ಷವೇ, ಅಕ್ಟೋಬರಿನಲ್ಲಿ, ಮುದುಕನ ದಪ್ಪ ಲಕೋಟೆಯೊಂದು ಬಂತು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸಾವಿರಾರು ಬಂಡೆಗಳು ಸೂರ್ಯನ ಸುತ್ತ ತಿರುಗುತ್ತಿವೆಯಲ್ಲ, ಅಂಥದ್ದೊಂದು ಹೊಸದು ಅವನು ತೆಗೆದ ಫೋಟೋಗಳಲ್ಲಿ ಸಿಕ್ಕಿತ್ತು. ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದರೆ ಈ ಒಂದು ಚುಕ್ಕಿ ದಿನದಿನಕ್ಕೆ ಸರಿಯುತ್ತಿತ್ತು. ಆರು ವಾರ ಅದನ್ನು ಹಿಂಬಾಲಿಸಿದ್ದ. ಇನ್ನು ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗುತ್ತದೆ, ಮತ್ತೆ ಕಾಣುವುದು ಹದಿನೈದು ತಿಂಗಳ ಮೇಲೆ. ಆಗ ಎಲ್ಲಿ ನೋಡಬೇಕೆಂದು ಈಗಲೇ ಲೆಕ್ಕ ಹಾಕಿ ಇಟ್ಟುಕೊಳ್ಳದಿದ್ದರೆ ಆಕಾಶದಲ್ಲಿ ಅದು ಕಳೆದುಹೋದ ಹಾಗೇ. "ನನ್ನ ಬಳಿ ಲೆಕ್ಕದ ಕೈಗಳಿಲ್ಲ. ನೀವು ಮಾಡಿಕೊಡುವಿರಾ?" ಎಂದು ಬರೆದಿದ್ದ.

"ಕ್ಷುದ್ರಗ್ರಹ" ಎಂದು ನಾನು ಪಾಂಡಿತ್ಯ ತೋರಿಸಿದೆ.

"ಕ್ಷುದ್ರ ಯಾಕೆ? ಅದು ನಿನಗೆ ಎಂತ ಮಾಡಿತು? ಪುಟ್ಟ ಗ್ರಹ ಅಂತ ಹೇಳು" ಎಂದು ಗದರಿದರು.

ಮನೆ ಮಾಲೀಕರ ಹೆಂಡತಿಗೆ ಹೊಸ ಗ್ರಹದ ಸುದ್ದಿ ಹೇಗೋ ಮುಟ್ಟಿ, ಮಗಳ ಜಾತಕ ಹಿಡಿದುಕೊಂಡೇ ಬಂದರು. "ಟೀಚರೇ, ಇದು ಯಾವ ಮನೆಯಲ್ಲಿ ಕೂತಿದೆ? ಮದುವೆಗೆ ಅಡ್ಡ ಬರ್ತದಾ?"

"ಇಲ್ಲಮ್ಮ, ಅದಕ್ಕೆ ಅಷ್ಟು ಪುರುಸೊತ್ತಿಲ್ಲ. ಸೂರ್ಯನಿಗೆ ಒಂದು ಸುತ್ತು ಬರಲಿಕ್ಕೇ ನಾಲ್ಕು ವರ್ಷ ಬೇಕು" ಎಂದು ಅಕ್ಕ ಅವರಿಗೂ ಬೆಲ್ಲದ ಕಾಪಿ ಕೊಟ್ಟು ಕಳಿಸಿದರು.

ದಿನಾ ಶಾಲೆಯಿಂದ ಬಂದು ಅಕ್ಕಿ ರೊಟ್ಟಿ ತಿಂದು ಕೂತರೆ ಕತ್ತಲಾಗುವವರೆಗೆ ಲೆಕ್ಕ. ದಪ್ಪದೊಂದು ಲಾಗರಿದಮ್ ಪುಸ್ತಕದಿಂದ ನಾನು ಅಂಕಿ ಓದಬೇಕು, ಅವರು ಬರೆಯಬೇಕು. ಒಂದೊಂದು ಅಂಕಿಯೂ ಏಳೇಳು ಸ್ಥಾನ. ಅರ್ಥವಾಗದ್ದನ್ನು ಅಷ್ಟು ಹೊತ್ತು ಓದುವುದು ಬೇಸರದ ಕೆಲಸವೆಂದುಕೊಂಡಿದ್ದೆ. ಆದರೆ ಅವರು ನಡುನಡುವೆ ಪೆನ್ಸಿಲ್ ಕೆಳಗಿಟ್ಟು, "ಈಗ ನಮ್ಮದು ಸೂರ್ಯನ ಮರೆಗೆ ಹೋಯಿತು" ಎಂದೋ, "ಇದರ ದಾರಿ ಸ್ವಲ್ಪ ಓರೆ, ನಮ್ಮ ಮಾಕುಟ್ಟದ ಘಾಟಿ ರಸ್ತೆಯ ಹಾಗೆ" ಎಂದೋ ಹೇಳುತ್ತಿದ್ದರು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಅದು ನಮ್ಮ ಮನೆಯ ಮೂರನೆಯ ಮನುಷ್ಯನಾಗಿತ್ತು. ಬೆಳಿಗ್ಗೆ ಎದ್ದು, "ನಮ್ಮದು ಈಗ ಎಲ್ಲಿರಬಹುದಕ್ಕ?" ಎಂದು ನಾನೇ ಕೇಳುತ್ತಿದ್ದೆ.

ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಒಟ್ಟು ಹದಿನೈದು ಹಾಳೆ. ಹದಿನಾಲ್ಕರಲ್ಲಿ ದಾರಿಯ ಲೆಕ್ಕ, ಹದಿನೈದನೆಯದರಲ್ಲಿ ಗ್ರಹ ದಿನಕ್ಕೆ ಎಷ್ಟು ಸರಿಯುತ್ತದೆ, ಮುಂದಿನ ಸಲ ಯಾವ ದಿನ ಎಲ್ಲಿ ಕಾಣುತ್ತದೆ ಎಂಬ ಪಟ್ಟಿ. ನನ್ನ ಕಕ್ಕಬೆ ಬಸ್ಸಿಗೆ ಅರ್ಧ ಗಂಟೆಯೂ ಇರಲಿಲ್ಲ. ಮನೆಯಲ್ಲಿ ಅಣ್ಣಂದಿರು ಕದಿರು ತೆಗೆಯಲು ಗದ್ದೆಗೆ ಹೊರಡುವುದರೊಳಗೆ ನಾನು ತಲುಪಬೇಕಿತ್ತು.

"ಕೊನೆ ಹಾಳೆಯನ್ನು ಹದಿನಾಲ್ಕರ ಜೊತೆ ಒಂದು ಸಲ ಹಿಡಿದು ನೋಡು. ನಾನು ಬರೆದದ್ದನ್ನು ನಾನೇ ನೋಡಿದರೆ ಕಣ್ಣು ಮೋಸ ಮಾಡ್ತದೆ. ನಾಳೆ ಬೆಳಿಗ್ಗೆ ಅಂಚೆಗೆ ಹಾಕ್ತೇನೆ" ಎಂದು ಹೇಳಿ ಅಕ್ಕ ಸ್ನಾನಕ್ಕೆ ಹೋದರು.

ನಾನು ಎರಡು ಹಾಳೆಗಳನ್ನೂ ಕೈಗೆ ತೆಗೆದುಕೊಂಡೆ. ಬಸ್ಸಿನ ಹಾರ್ನ್ ಕೇಳಿದಂತಾಯಿತು. ಹಾಳೆಗಳನ್ನು ಮೇಜಿನ ಮೇಲಿಟ್ಟು ಚೀಲ ಎತ್ತಿಕೊಂಡೆ.

"ನೋಡಿದೆಯಾ?" ಬಚ್ಚಲಿನಿಂದ ಕೂಗಿದರು.

"ನೋಡಿದೆ ಅಕ್ಕ, ಸರಿ ಉಂಟು!" ಎಂದು ಕೂಗಿ ಓಡಿದೆ.

ಅವ್ವ ಅಂಗಳದಲ್ಲೇ ನಿಂತಿದ್ದಳು. "ಎಂತ ಗೂಡೆ, ಇಷ್ಟ್ ತಡ ಮಾಡ್ದೆ?" ಎಂದು ಬೈದಳು. ಪಟಾಕಿಯ ಸದ್ದು, ಹೊಸ ಕದಿರು, ಗೆಣಸು, ಪಾಯಸ. ಹೇಳಿದ ಸುಳ್ಳು ನೆನಪಿಗೂ ಬರಲಿಲ್ಲ.

ಮುಂದಿನ ಒಂದು ವರ್ಷ ಆರಾಮವಾಗಿ ಕಳೆಯಿತು. ಆ ನಡುವೆ ಅಕ್ಕ ನನಗೆ ಸೈಕಲ್ ಕಲಿಸಿದರು, ನಾನು ಅವರಿಗೆ ಕನ್ನಡ ವ್ಯಾಕರಣದ ಸಂಧಿ ಕಲಿಸಿದೆ. ಇಬ್ಬರಲ್ಲಿ ಹೆಚ್ಚು ಬಿದ್ದದ್ದು ನಾನೇ. ಆ ವರ್ಷ ಕಳೆದು ಬಂದ ಜನವರಿ, ಕಾಫಿ ಕೊಯ್ಲಿನ ಕಾಲ, ಕಣದ ತುಂಬ ಕೆಂಪು ಹಣ್ಣು ಹರಡಿದ್ದಾಗ ಮುದುಕನ ಕಾಗದ ಬಂತು. ಅಕ್ಕ ಅಂಗಳದಲ್ಲೇ ನಿಂತು ಓದಿದರು. ಓದಿ ಮಡಚಿದರು. ಮತ್ತೆ ಬಿಡಿಸಿ ಓದಿದರು.

"ಎಂತಕ್ಕ?"

"ಇಲ್ಲವಂತೆ. ನಾನು ಹೇಳಿದ ಜಾಗದಲ್ಲಿ ಎಂತದೂ ಇಲ್ಲವಂತೆ."

ಎರಡು ರಾತ್ರಿ ಫೋಟೋ ತೆಗೆದು ಹುಡುಕಿದ್ದನಂತೆ. ಮುಂದಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನು ಮೂರು ರಾತ್ರಿ ದೂರದರ್ಶಕ ಅವನ ಕೈಗೆ ಸಿಗುತ್ತದೆ, ಆಮೇಲೆ ಬೇರೆಯವರ ಪಾಳಿ. ಅಷ್ಟರಲ್ಲಿ ಸಿಗದಿದ್ದರೆ ಕಳೆದುಹೋಯಿತೆಂದು ಬರೆದುಬಿಡುವುದೇ ಸರಿ, ತನಗೂ ವಯಸ್ಸಾಯಿತು, ಇನ್ನೊಮ್ಮೆ ಹುಡುಕುವ ಶಕ್ತಿ ಇಲ್ಲ ಎಂದಿದ್ದ. ಬೈಗುಳ ಒಂದೂ ಇರಲಿಲ್ಲ. ಅದೇ ಅಕ್ಕನಿಗೆ ಹೆಚ್ಚು ನೋವಾದದ್ದು.

ಅವತ್ತಿನಿಂದ ಅವರು ಮೊದಲನೆಯ ಹಾಳೆಯಿಂದ ಮತ್ತೆ ಶುರುಮಾಡಿದರು. ನಾನು ಅಂಕಿ ಓದಿದೆ. ದಿನಕ್ಕೆ ಒಂದೂವರೆ ಹಾಳೆ. ಎಲ್ಲವೂ ಸರಿಯಿತ್ತು. ಸರಿ ಇದ್ದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ಊಟಕ್ಕೆ ಕೂತವರು ತಟ್ಟೆಯ ಮೇಲೆ ಬೆರಳಿನಲ್ಲಿ ಗೀಚುತ್ತಿದ್ದರು. ಒಂಬತ್ತನೆಯ ದಿನ ಹದಿಮೂರನೆಯ ಹಾಳೆ ಮುಗಿಸಿ, "ಇನ್ನು ಹದಿನಾಲ್ಕು ಮಾತ್ರ. ಹದಿನೈದನ್ನು ನೀನೇ ನೋಡಿದ್ದೀಯಲ್ಲ. ಹದಿನಾಲ್ಕರಲ್ಲೂ ಇಲ್ಲ ಅಂದ್ರೆ ನನಗೆ ಲೆಕ್ಕವೇ ಬರುವುದಿಲ್ಲ ಅಂತ ಆಯ್ತು" ಎಂದರು.

ನನಗೆ ಆ ಹುತ್ತರಿಯ ಮಧ್ಯಾಹ್ನ ನೆನಪಾದದ್ದು ಆಗ ಅಲ್ಲ. ಕಾಗದ ಬಂದ ಆರನೆಯ ದಿನವೇ ನೆನಪಾಗಿತ್ತು. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ಬೇರೆಲ್ಲೋ ಸಿಕ್ಕಿಬಿಡಲಿ ದೇವರೇ ಎಂದು ಇಗ್ಗುತ್ತಪ್ಪನಿಗೆ ಹರಕೆ ಹೊತ್ತಿದ್ದೆ. ಅವರ ಆ ಮಾತು ಕೇಳಿದ ಮೇಲೆ ತಡೆಯಲಾಗಲಿಲ್ಲ.

"ಅಕ್ಕ, ನಾನು ನೋಡಲಿಲ್ಲ."

"ಎಂತ ನೋಡಲಿಲ್ಲ?"

"ಹದಿನೈದು. ಬಸ್ಸು ಹೋಗ್ತದೆ ಅಂತ... ನೋಡಿದೆ ಅಂತ ಸುಳ್ಳು ಹೇಳಿದೆ."

ಅವರು ನನ್ನ ಮುಖವನ್ನೇ ನೋಡಿದರು. ಪೆನ್ಸಿಲ್ ಕೆಳಗಿಟ್ಟು, "ಹುತ್ತರಿ ಪಾಯಸ ಚೆನ್ನಾಗಿತ್ತಾ?" ಎಂದು ಕೇಳಿದರು.

ನಾನು ಅಳತೊಡಗಿದೆ.

"ಅಳಬೇಡ, ಹಾಳೆ ಒದ್ದೆಯಾಗ್ತದೆ. ಹದಿನಾಲ್ಕು, ಹದಿನೈದು ಎರಡೂ ತಾ."

ಐದು ನಿಮಿಷ ಸಾಕಾಯಿತು. ಗ್ರಹ ದಿನಕ್ಕೆ ಸರಿಯುವ ಅಂಕಿ ಹದಿನಾಲ್ಕರಲ್ಲಿ ಎಂಟು, ಮೂರು, ಏಳು ಎಂದಿತ್ತು. ಹದಿನೈದಕ್ಕೆ ಇಳಿಸುವಾಗ ಎಂಟು, ಏಳು, ಮೂರು ಆಗಿತ್ತು. ದಿನಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ. ಹದಿನೈದು ತಿಂಗಳಿಗೆ ಅದು ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಬೆಳೆದಿತ್ತು. ಪಾಪ, ಮುದುಕ ಬೇರೆ ಊರಿನಲ್ಲಿ ಬಾಗಿಲು ತಟ್ಟುತ್ತಿದ್ದ!

ಅವತ್ತು ಶುಕ್ರವಾರ. ಅಮಾವಾಸ್ಯೆಗೆ ಐದು ದಿನವಿತ್ತು. ಶನಿವಾರ ಅಕ್ಕ ರಜೆ ಹಾಕಿದರು. ಅವರ ನೌಕರಿಯಲ್ಲಿ ಅದು ಮೊದಲ ರಜೆ. ಹೆಡ್ಮಾಸ್ಟರರು ಹೆದರಿ, "ಯಾರು ತೀರಿಕೊಂಡರು?" ಎಂದು ಕೇಳಿ ಕಳಿಸಿದರು. ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಿ ಮುಗಿಸುವಾಗ ಭಾನುವಾರ ಮಧ್ಯಾಹ್ನ. ಪ್ರತಿ ಸಾಲನ್ನೂ ನಾನು ಮೂರು ಮೂರು ಸಲ ನೋಡಿದೆ. ನಾಲ್ಕನೆಯ ಸಲಕ್ಕೆ ಅವರೇ ಕೈಯಿಂದ ಕಿತ್ತುಕೊಂಡರು.

ಕಾಗದ ಹಾಕಿದರೆ ತಲುಪುವುದಿಲ್ಲ, ತಂತಿಯೇ ಕೊಡಬೇಕು. ಸೋಮವಾರ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲಿದ್ದೆವು. ಪೋಸ್ಟ್‌ಮಾಸ್ಟರು ಕೇರಳದ ಕಡೆಯವರು. ಫಾರಂ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು.

"ಎಂಡೆ ದೈವಮೇ! ಇದೆಂತ ಟೀಚರೇ, ಪೂರಾ ನಂಬರೇ ಉಂಟಲ್ಲ? ಫಾರಿನ್‌ಗೆ ಹೀಗೆ ನಂಬರ್ ಕಳಿಸಿದ್ರೆ ನಾಳೆ ಪೊಲೀಸ್ ನನ್ನನ್ನ್ ಹಿಡೀತಾರೆ."

"ಇದು ಒಂದು ಗ್ರಹದ ವಿಳಾಸ" ಎಂದರು ಅಕ್ಕ.

"ಗ್ರಹಕ್ಕೆ ವಿಳಾಸವಾ?"

"ನಿಮ್ಮ ಹತ್ತಿರ ಬರುವ ಕಾಗದಕ್ಕೆ ವಿಳಾಸ ತಪ್ಪಾದರೆ ಎಂತ ಮಾಡ್ತೀರಿ?"

"ಎರಡ್ ಸಲ ಹುಡುಕ್ತೇವೆ. ಸಿಗದಿದ್ರೆ ವಾಪಸ್ ಕಳಿಸ್ತೇವೆ."

"ಎರಡು ಸಲ ಹುಡುಕಿ ಆಗಿದೆ. ಇದು ವಾಪಸ್ ಬರುವ ಜಾತಿಯಲ್ಲ. ಸರಿಯಾದ ವಿಳಾಸ ಇವತ್ತೇ ಹೋಗಬೇಕು."

ಪೋಸ್ಟ್‌ಮಾಸ್ಟರರ ಮುಖದ ಬಣ್ಣವೇ ಬದಲಾಯಿತು. ಅದು ಅವರ ವೃತ್ತಿಯ ಮಾನದ ಪ್ರಶ್ನೆ. ಕುರ್ಚಿ ಎಳೆದು ಅಕ್ಕನನ್ನು ಕೂರಿಸಿ, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ, ಅವರಿಂದ "ಹೌದು" ಅನ್ನಿಸಿಕೊಂಡೇ ಕಳಿಸಿದರು. ಸ್ಟಾಂಪಿಗೆ ಕಾಯುತ್ತಿದ್ದ ಸಾಲೆಲ್ಲ ಉಸಿರೆತ್ತದೆ ಕೇಳಿತು. ಮಧ್ಯಾಹ್ನದೊಳಗೆ ಗಡಿಯಾರ ಕಂಬದಿಂದ ಬಸ್ ಸ್ಟ್ಯಾಂಡಿನವರೆಗೆ ಸುದ್ದಿ ಹರಡಿತು. ಟೀಚರ್ ಒಂದು ಗ್ರಹ ಕಳೆದುಕೊಂಡಿದ್ದಾರೆ, ತಂತಿ ಕೊಟ್ಟಿದ್ದಾರೆ!

ಮಂಗಳವಾರ ಏನೂ ಬರಲಿಲ್ಲ. ಬುಧವಾರವೂ ಇಲ್ಲ. ಗುರುವಾರ ತರಕಾರಿ ಮಾರುವವಳೂ, "ಸಿಕ್ಕಿತಾ ಟೀಚರೇ?" ಎಂದು ಕೇಳಿದಳು. ಅಕ್ಕ ಸುಮ್ಮನೆ ಬದನೆಕಾಯಿ ಆರಿಸಿದರು. ಆ ಮೂರು ದಿನ ನನಗೆ ಅವರ ಜೊತೆ ಒಂದೇ ಮನೆಯಲ್ಲಿ ಉಸಿರಾಡುವುದೂ ಕಷ್ಟವಾಗಿತ್ತು. ಅವರು ಮಾತ್ರ ಎಂದಿನಂತೆ ನನ್ನ ಲೋಟಕ್ಕೆ ಮೊದಲು ಕಾಪಿ ಬಗ್ಗಿಸುತ್ತಿದ್ದರು.

ಶುಕ್ರವಾರ ಮೂರನೆಯ ಪೀರಿಯಡ್. ನಾನು ಎಂಟನೆಯ ತರಗತಿಯಲ್ಲಿ ಸಮಾಸ ಹೇಳಿಕೊಡುತ್ತಿದ್ದೆ. ಕಿಟಕಿಯಲ್ಲಿ ನೋಡಿದರೆ ಪೋಸ್ಟ್‌ಮಾಸ್ಟರು ತಾವೇ ಖುದ್ದಾಗಿ, ತಲೆಯ ಮೇಲೆ ಟೋಪಿಯೂ ಇಲ್ಲದೆ, ಶಾಲೆಯ ಏರು ಹತ್ತಿ ಓಡಿಬರುತ್ತಿದ್ದಾರೆ. ನಾನೂ ತರಗತಿ ಬಿಟ್ಟು ಓಡಿದೆ.

"ಸಿಕ್ಕಿತು ಟೀಚರೇ! ವಿಳಾಸದಾರರು ಮನೆಯಲ್ಲೇ ಇದ್ರು!" ಎಂದು ಅಂಗಳದಿಂದಲೇ ಕೂಗಿದರು.

ಹತ್ತನೆಯ ತರಗತಿಯ ಬಾಗಿಲಿಗೆ ಬಂದ ಅಕ್ಕ ತಂತಿಯನ್ನು ಓದಿದರು. ನೀವು ಹೇಳಿದ ಜಾಗದ ಪಕ್ಕದಲ್ಲೇ ಸಿಕ್ಕಿತು, ಧನ್ಯವಾದ ಎಂದು ಬರೆದಿತ್ತು. ಅವರು ಪೋಸ್ಟ್‌ಮಾಸ್ಟರರಿಗೆ ಕೈಮುಗಿದರು. ಆಮೇಲೆ ಒಳಗೆ ಹೋಗಿ ಹಲಗೆಯ ಕಡೆ ತಿರುಗಿ ನಿಂತರು. ತುಂಬ ಹೊತ್ತು ಏನೂ ಬರೆಯಲಿಲ್ಲ.

ಮುಂದೆ ಗ್ರಹಕ್ಕೆ ನಂಬರು ಬಂತು. ಹೆಸರಿಡುವ ಹಕ್ಕು ಕಂಡುಹಿಡಿದವನದು. ಮುದುಕ, "ನಿಮ್ಮ ಹೆಸರನ್ನೇ ಇಡುತ್ತೇನೆ" ಎಂದು ಬರೆದ. ಊರಿಗೆಲ್ಲ ಸಂಭ್ರಮ. ಅಕ್ಕ ಒಪ್ಪಲಿಲ್ಲ. "ನನ್ನ ಹೆಸರು ಅಪ್ಪ ಇಟ್ಟದ್ದು, ಮನೆಯವರು ಕರೆಯಲಿಕ್ಕೆ. ಅಷ್ಟು ದೂರ ಕಳಿಸಿ ಎಂತ ಮಾಡುವುದು?" ಎಂದು ಉತ್ತರ ಬರೆದರು. ಅವನು ತನ್ನ ಮೊಮ್ಮಗಳ ಹೆಸರಿಟ್ಟ. ಅಕ್ಕನಿಗೆ ಅದು ಬಹಳ ಹಿಡಿಸಿತು. ಗ್ರಹಕ್ಕೇ ಬೇಡವೆಂದ ಹೆಸರನ್ನು ನಾನು ಅಚ್ಚು ಹಾಕಿಸುವುದು ಸರಿಯಲ್ಲವೆಂದು ಇಲ್ಲೂ ಬರೆದಿಲ್ಲ.

ತಪ್ಪು ಹೇಗಾಯಿತೆಂದು ಮುದುಕ ಕೇಳಿದ್ದ. ಆ ಉತ್ತರವನ್ನು ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು. ಲಕೋಟೆ ಅಂಟಿಸಿರಲಿಲ್ಲ, ಓದಿದೆ. 'ಕೊನೆಯ ಹಾಳೆಗೆ ಇಳಿಸುವಾಗ ನಾನು ಎರಡು ಅಂಕಿ ಅದಲುಬದಲು ಬರೆದೆ' ಎಂದಿತ್ತು, ಅಷ್ಟೇ.

"ಅಕ್ಕ, ನನ್ನ ವಿಷಯ?"

"ಬರೆದದ್ದು ಯಾರು? ನಾನು. ಕೆಳಗೆ ಸಹಿ ಯಾರದ್ದು? ನನ್ನದು. ನಿನ್ನ ವಿಷಯ ಅವನಿಗೆ ಯಾಕೆ? ಹೋಗು, ಅಂಚೆ ಹೊರಡುವ ಹೊತ್ತಾಯ್ತು."

ಆಮೇಲೆ ಕೊಡಗು ಮೈಸೂರಿಗೆ ಸೇರಿತು. ವರ್ಗಾವಣೆಗಳು ಶುರುವಾದವು. ಅಕ್ಕ ಬಯಲುಸೀಮೆಯ ಊರುಗಳನ್ನೆಲ್ಲ ಸುತ್ತಿ, ನಿವೃತ್ತರಾಗಿ ಪೊನ್ನಂಪೇಟೆಯ ತಂಗಿಯ ಮನೆ ಸೇರಿದರು. ನಾನು ಮದುವೆಯಾಗಿ ವಿರಾಜಪೇಟೆಯಲ್ಲೇ ಉಳಿದೆ. ಹೆಡ್ಮಾಸ್ಟರರು ಮಾತ್ರ ಅಕ್ಕ ನಮ್ಮ ಶಾಲೆಯಲ್ಲಿದ್ದಷ್ಟು ಕಾಲವೂ, "ಟೀಚರೇ, ಅಂಕಿ ಸರಿಯಾಗಿ ಬರೆಯಿರಿ, ಗ್ರಹ ಓಡಿಹೋದೀತು" ಎಂದು ತಮಾಷೆ ಮಾಡುತ್ತಿದ್ದರು. ಸ್ಟಾಫ್ ರೂಮೆಲ್ಲ ನಗುತ್ತಿತ್ತು. ಅಕ್ಕನೂ ನಗುತ್ತಿದ್ದರು. ನಾನು ನೋಟ್‌ಬುಕ್ ತಿದ್ದುತ್ತಾ ತಲೆ ತಗ್ಗಿಸಿಕೊಂಡಿರುತ್ತಿದ್ದೆ. ಬಾಯಿಬಿಡಲು ಎಷ್ಟೋ ಸಲ ಅವಕಾಶವಿತ್ತು.

ಮೊನ್ನೆ ಭಾನುವಾರ ಹಳೆಯ ವಿದ್ಯಾರ್ಥಿನಿಯರು ಶಾಲೆಯಲ್ಲಿ ಸಂತಾಪಸಭೆ ಇಟ್ಟುಕೊಂಡಿದ್ದರು. ಅಜ್ಜಿಯರಾದ ಹುಡುಗಿಯರು ಹಾಲು ಬಣ್ಣದ ತಲೆಗಳನ್ನು ಹೊತ್ತು ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತಿದ್ದರು. ಒಬ್ಬರು ಎದ್ದು, ಟೀಚರಿಗೂ ಲೆಕ್ಕ ತಪ್ಪುತ್ತಿತ್ತು, ಒಮ್ಮೆ ಗ್ರಹವನ್ನೇ ಕಳೆದುಕೊಂಡಿದ್ದರು ಎಂದು ಪ್ರೀತಿಯಿಂದಲೇ ಹೇಳಿದರು. ಸಭೆ ನಕ್ಕಿತು.

ನನ್ನ ಸರದಿ ಬಂತು. ಬರೆದುಕೊಂಡು ಹೋಗಿದ್ದ ಭಾಷಣವನ್ನು ಓದಲಿಲ್ಲ. ಹುತ್ತರಿಯ ಆ ಮಧ್ಯಾಹ್ನ ಅವರು ಕೊನೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟದ್ದು, ನೋಡದೆಯೇ ನೋಡಿದೆ ಎಂದು ಕೂಗಿ ನಾನು ಬಸ್ಸಿಗೆ ಓಡಿದ್ದು, ಆ ಸುಳ್ಳನ್ನು ನಂಬಿ ಅವರು ಒಂಬತ್ತು ದಿನ ತಪ್ಪಿಲ್ಲದ ಹಾಳೆಗಳಲ್ಲಿ ತಪ್ಪು ಹುಡುಕಿದ್ದು, ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ಬಂದು ಕೂತೆ.

ಪಕ್ಕದಲ್ಲಿ ಕೂತಿದ್ದ ಅವರ ತಂಗಿ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದೆವು" ಎಂದರು ಮೆಲ್ಲಗೆ. "ಗ್ರಹದ ಕತೆಯನ್ನು ಅಕ್ಕನ ಬಾಯಿಂದ ನೂರು ಸಲ ಕೇಳಿದ್ದೇನೆ. ಇದೊಂದನ್ನು ಮಾತ್ರ ನನಗೂ ಹೇಳಿರಲಿಲ್ಲ."